ಮನೆಯಲ್ಲೇ ಭಾರ ಎತ್ತಬೇಕು: ಯಾವ ಪುಸ್ತಕ, ಯಾವ ಸಾಮಾನು?

ಓದುಗರ ಪ್ರಶ್ನೆ: "ಸರ್, ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ವಯಸ್ಸು 44. ಬಿಪಿಗೆ ದಿನಕ್ಕೊಂದು ಮಾತ್ರೆ ತಗೊಳ್ಳುತ್ತೇನೆ, ಈಗ 130/84ರ ಹತ್ತಿರ ಇರುತ್ತದೆ. ಸಕ್ಕರೆ ಅಂಚಿನಲ್ಲಿದೆ, ಭಾರದ ವ್ಯಾಯಾಮ ಶುರು ಮಾಡಿ ಅಂತ ಡಾಕ್ಟರೇ ಹೇಳಿದರು. ಜಿಮ್ ದೂರ. ಮೊದಲನೇ ಮಹಡಿಯಲ್ಲಿ ಒಂದು ರೂಮು ಖಾಲಿ ಇದೆ. 25 ಸಾವಿರ ತೆಗೆದಿಟ್ಟಿದ್ದೇನೆ. ಅಂಗಡಿಯವರು ಹೋಂ ಜಿಮ್ ಮಶೀನು ತಗೊಳ್ಳಿ ಅಂತಾರೆ, ಜೊತೆಗೆ ಬೆಲ್ಟು, ಗ್ಲೌಸು, ನೀ ಕ್ಯಾಪು. ಎರಡು ಇಂಗ್ಲಿಷ್ ಪುಸ್ತಕ ತರಿಸಿದೆ. ಒಂದು ಶ್ವಾರ್ಜ್‌ನೆಗರ್ ಅವರದು, ವಾರಕ್ಕೆ ಆರು ದಿನದವರೆಗೂ ಹೋಗುತ್ತದೆ. ಇನ್ನೊಂದು 'ಸ್ಟಾರ್ಟಿಂಗ್ ಸ್ಟ್ರೆಂತ್', ಅದರಲ್ಲಿ ಮೂರೇ ದಿನ, ನಾಲ್ಕೈದೇ ವ್ಯಾಯಾಮ. ಯಾವುದನ್ನು ನಂಬಲಿ? ಮನೆಯವರೂ ಮಾಡ್ತೀನಿ ಅಂತಿದ್ದಾರೆ, ಆದರೆ ಮೈ ಗಂಡಸರ ಹಾಗೆ ಆಗುತ್ತೇನೋ ಅನ್ನೋ ಹೆದರಿಕೆ. ಮಗನಿಗೆ 14. ಭಾರ ಎತ್ತಿದರೆ ಎತ್ತರ ನಿಂತುಹೋಗುತ್ತೆ ಅಂತ ನಮ್ಮ ತಾಯಿ ಬಯ್ತಾರೆ. ಮಹಡಿ ತಾಳುತ್ತಾ ಅನ್ನೋದೂ ಒಂದು ಯೋಚನೆ."

ಮೇಷ್ಟ್ರೇ, ಪ್ರಶ್ನೆ ಏಳೆಂಟಿದ್ದರೂ ನಿಮ್ಮ ಅಳುಕು ಎರಡೇ ಅನ್ನಿಸಿತು. ದುಡ್ಡು ದಂಡವಾಗಬಾರದು, ಮನೆಯಲ್ಲಿ ಯಾರಿಗೂ ಪೆಟ್ಟಾಗಬಾರದು. ಎರಡೂ ಸರಿಯಾದ ಚಿಂತೆಗಳೇ. ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುವವರಲ್ಲಿ ವ್ಯಾಯಾಮ ಮಾಡಿ ನೋವು ತಂದುಕೊಂಡವರೂ ಇರುತ್ತಾರೆ. ಕೇಳಿದರೆ, ಹೆಚ್ಚಿನವರು ಎತ್ತಿದ್ದು ಭಾರೀ ತೂಕವೇನೂ ಅಲ್ಲ. ಹಿಂದಿನ ವಾರಕ್ಕಿಂತ ಒಮ್ಮೆಲೇ ಜಾಸ್ತಿ ಎತ್ತಿರುತ್ತಾರೆ, ಅಷ್ಟೇ.

ಆದ್ದರಿಂದ ಪುಸ್ತಕ ಒಂದು ಕಡೆ, ಸಾಮಾನು ಒಂದು ಕಡೆ ಅಂತ ಆರಿಸಬೇಡಿ. ಪುಸ್ತಕ ಹೇಳುವ ಕ್ರಮಕ್ಕೂ ರೂಮಿನಲ್ಲಿರುವ ತೂಕಗಳಿಗೂ ಹೊಂದಾಣಿಕೆ ಬೇಕು. ಮುಂದಿನ ವಾರ ಎಷ್ಟು ಸಣ್ಣದಾಗಿ ಭಾರ ಏರಿಸಬಲ್ಲೆ? ಈ ಪ್ರಶ್ನೆಗೆ ಉತ್ತರ ಕೊಡದ ಸಾಮಾನು ಎಷ್ಟೇ ಹೊಳೆಯುತ್ತಿದ್ದರೂ ಬೇಡ.

ಇದು ಹೊಸ ವಿಚಾರವಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರಿಗೆ ಕಬ್ಬಿಣ ಎತ್ತಿಸಿ ಬಲ ತುಂಬಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅವರು ಬಳಕೆಗೆ ತಂದ ಹತ್ತು ಹತ್ತು ಸಲ ಎತ್ತುವ ಮೂರು ಸುತ್ತು ಇವತ್ತಿಗೂ ಜಿಮ್‌ಗಳಲ್ಲಿ ಉಳಿದಿದೆ. ಅದರ ತಿರುಳು ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುವುದು. ಏರಿಸದೇ ಇದ್ದರೆ ಮಾಂಸಖಂಡಕ್ಕೆ ಬದಲಾಗಲು ಕಾರಣವೇ ಇರುವುದಿಲ್ಲ. ಜಾಸ್ತಿ ಏರಿಸಿದರೆ ಕೀಲು, ಸ್ನಾಯುಗಳಿಗೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ.

ಈಗ ಅಂಗಡಿಯ ಲೆಕ್ಕ ನೋಡಿ. ನಿಮ್ಮ ಮನೆಯವರು ರಾಡು, ಪ್ಲೇಟು ಸೇರಿ 10 ಕೆಜಿಯನ್ನು ತಲೆಯ ಮೇಲೆ ಎತ್ತುತ್ತಿದ್ದಾರೆ ಅಂದುಕೊಳ್ಳಿ. ಮನೆಯಲ್ಲಿರುವ ಸಣ್ಣ ಪ್ಲೇಟು 2.5 ಕೆಜಿಯದು. ಎರಡೂ ಕಡೆ ಹಾಕಲೇಬೇಕು, ಹಾಗಾಗಿ ಮುಂದಿನ ಮೆಟ್ಟಿಲು 15 ಕೆಜಿ. ಒಂದೇ ಸಲಕ್ಕೆ ಅರ್ಧದಷ್ಟು ಜಾಸ್ತಿ! ಯಾರ ಭುಜವೂ ಅದನ್ನು ಒಪ್ಪುವುದಿಲ್ಲ. ಅದೇ ಅರ್ಧ ಕೆಜಿಯ ಜೋಡಿ ಇದ್ದರೆ 11ಕ್ಕೆ ಏರಬಹುದು. ಅಂಗಡಿಯವರು ಸಣ್ಣ ಪ್ಲೇಟನ್ನು ತೋರಿಸುವುದೇ ಇಲ್ಲ, ಕೇಳಿದರೆ "ಅದು ಮಕ್ಕಳಿಗೆ" ಅನ್ನುವುದೂ ಉಂಟು. ನೀವು ಕೇಳಿಯೇ ತಗೊಳ್ಳಿ. ಅರ್ಧ ಕೆಜಿ ಒಂದು ಜೊತೆ, 1 ಕೆಜಿ ಅಥವಾ 1.25 ಕೆಜಿ ಒಂದು ಜೊತೆ. ನಿಮ್ಮ 25 ಸಾವಿರದಲ್ಲಿ ಅತಿ ಕಡಿಮೆ ಬೆಲೆಯ ವಸ್ತು ಇದೇ. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ.

ಇನ್ನು ಪುಸ್ತಕಗಳು. ನೀವು ತರಿಸಿದ ಎರಡೂ ಒಳ್ಳೆಯವೇ, ಬರೆದದ್ದು ಬೇರೆ ಬೇರೆ ಜನರಿಗೆ. ಶ್ವಾರ್ಜ್‌ನೆಗರ್ ಅವರ ದಪ್ಪ ಪುಸ್ತಕ ದೇಹದಾರ್ಢ್ಯದ್ದು. ಒಂದೊಂದು ಅಂಗಕ್ಕೂ ಬೇರೆ ವ್ಯಾಯಾಮ, ಸುತ್ತುಗಳು ಜಾಸ್ತಿ, ಪೂರ್ತಿ ಜಿಮ್ ಕೈಗೆ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಬರೆದದ್ದು. ವೇದಿಕೆ ಹತ್ತುವವರಿಗೆ ಅದು ಬೇಕು. ಪರೀಕ್ಷೆ ಪೇಪರು ತಿದ್ದಿ ಸುಸ್ತಾಗಿ ಬರುವವರಿಗೆ ವಾರಕ್ಕೆ ಆರು ದಿನ ಎಂದರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಮಾಂಸಖಂಡ ಬಲಪಡಿಸುವ ವ್ಯಾಯಾಮಕ್ಕೆ ಕೇಳಿರುವುದು ವಾರಕ್ಕೆ ಕನಿಷ್ಠ ಎರಡು ದಿನ. ನಿಮಗೆ ಎರಡು ಸಾಕು, ಮೂರಾದರೆ ಇನ್ನೂ ಒಳ್ಳೆಯದು. ಆರು ಬೇಡವೇ ಬೇಡ.

ಮಾರ್ಕ್ ರಿಪ್ಪಟೋ ಅವರ 'ಸ್ಟಾರ್ಟಿಂಗ್ ಸ್ಟ್ರೆಂತ್' ನಿಮಗೆ ಹತ್ತಿರದ್ದು. ಒಂದೊಂದು ಎತ್ತುವಿಕೆಗೂ ಉದ್ದನೆಯ ಅಧ್ಯಾಯ ಇದೆ. ಬೆನ್ನು ಯಾಕೆ ನೇರ ಇರಬೇಕು, ರಾಡು ಪಾದದ ಯಾವ ಭಾಗದ ಮೇಲೆ ಇರಬೇಕು ಎಂದು ಕಾರಣ ಕೊಟ್ಟು ಹೇಳುತ್ತದೆ. ಸುಮ್ನೆ ಚಿತ್ರ ತೋರಿಸಿ "ಹೀಗೆ ಮಾಡಿ" ಅನ್ನುವ ಪುಸ್ತಕಗಳಿಗಿಂತ ಇದು ಎಷ್ಟೋ ಮೇಲು. ಆದರೆ ಅದು ಕೆಲವು ಸಂಗತಿಗಳನ್ನು ಹೇಳದೆಯೇ ಒಪ್ಪಿಕೊಂಡು ಬರೆದಿದೆ. ಅವನ್ನು ಗಮನಿಸಿ ಓದಿ.

ಮೊದಲನೆಯದು, ಖಾಲಿ ರಾಡೇ 20 ಕೆಜಿ ಎಂಬ ಲೆಕ್ಕ. ಅದು ಗಂಡಸರ ಸ್ಪರ್ಧೆಯ ರಾಡಿನ ತೂಕ, ಹೆಂಗಸರದು 15. ನಮ್ಮ ಊರಿನ ಅಂಗಡಿಯ ಐದಡಿ ರಾಡು ಅದಕ್ಕಿಂತ ಬಹಳ ಹಗುರ. ಇದು ಕೊರತೆ ಅಲ್ಲ, ಹೊಸಬರಿಗೆ ಅನುಕೂಲವೇ. ಆದರೆ ತೂಕದ ಯಂತ್ರದ ಮೇಲಿಟ್ಟು ನಿಮ್ಮ ರಾಡಿನ ನಿಜವಾದ ತೂಕ ಬರೆದಿಟ್ಟುಕೊಳ್ಳಿ. ಎರಡನೆಯದು ಪ್ಲೇಟಿನ ಅಗಲ. ಸ್ಪರ್ಧೆಯ ದೊಡ್ಡ ಪ್ಲೇಟು 45 ಸೆಂ.ಮೀ. ಅಗಲ. ಹಾಗಾಗಿ ನೆಲದ ಮೇಲಿಟ್ಟಾಗ ರಾಡು ಸುಮಾರು 22 ಸೆಂ.ಮೀ. ಎತ್ತರದಲ್ಲಿ, ಮೊಣಕಾಲಿನ ಕೆಳಗೆ ನಿಲ್ಲುತ್ತದೆ. ಪುಸ್ತಕದ ಚಿತ್ರಗಳೆಲ್ಲ ಅದೇ ಎತ್ತರದವು. ನಿಮ್ಮ 5 ಕೆಜಿ ಪ್ಲೇಟು ಊಟದ ತಟ್ಟೆಗಿಂತ ಚಿಕ್ಕದು. ಅದನ್ನು ಹಾಕಿ ಡೆಡ್‌ಲಿಫ್ಟ್, ಅಂದರೆ ರಾಡನ್ನು ನೆಲದಿಂದ ಎತ್ತಿ ನೇರ ನಿಲ್ಲುವುದು, ಮಾಡಿದರೆ ರಾಡು ಕಣಕಾಲಿನ ಹತ್ತಿರ ಇರುತ್ತದೆ. ಅಷ್ಟು ಬಗ್ಗಿದರೆ ಬೆನ್ನು ಗೂನಾಗುತ್ತದೆ. ತಪ್ಪು ನಿಮ್ಮದಲ್ಲ, ಪ್ಲೇಟಿನದು. ಎರಡು ಕಡೆ ಗಟ್ಟಿ ಮರದ ತುಂಡು ಅಥವಾ ರಬ್ಬರ್ ಮ್ಯಾಟ್ ಪೇರಿಸಿ, ಅದರ ಮೇಲೆ ಪ್ಲೇಟು ಇಡಿ. ಇಷ್ಟರಿಂದಲೇ ಸೊಂಟ ನೋವು ನಿಂತದ್ದನ್ನು ನಾನು ಬಹಳ ಜನರಲ್ಲಿ ಕಂಡಿದ್ದೇನೆ.

ಮೂರನೆಯದು ಊಟ. ಈ ಲೇಖಕರು ಜಾಸ್ತಿ ಹಾಲು ಕುಡಿದು ತೂಕ ಏರಿಸಿಕೊಳ್ಳುವ ಸಲಹೆಗೆ ಹೆಸರಾದವರು. ಅದು ಸಣಕಲು ಹುಡುಗರಿಗೆ. ಸಕ್ಕರೆ ಅಂಚಿನಲ್ಲಿರುವ 44ರವರಿಗೆ ಅಲ್ಲ. ಪ್ರತಿ ಸಲವೂ ಭಾರ ಏರಿಸಬೇಕು ಎಂಬ ವೇಗವೂ ಹುಡುಗರದ್ದೇ. ನೀವು ವಾರಕ್ಕೊಮ್ಮೆ ಏರಿಸಿ, ಸಾಲದಿದ್ದರೆ ಎರಡು ವಾರಕ್ಕೊಮ್ಮೆ.

ಇಂಗ್ಲಿಷ್ ಓದು ಕಷ್ಟವಾದರೆ ಫ್ರೆಂಚ್ ಚಿತ್ರಕಾರ ಫ್ರೆಡೆರಿಕ್ ದೆಲಾವಿಯೆ ಅವರ 'ಸ್ಟ್ರೆಂತ್ ಟ್ರೈನಿಂಗ್ ಅನಾಟಮಿ' ನೋಡಬಹುದು. ಯಾವ ಚಲನೆಗೆ ಯಾವ ಮಾಂಸಖಂಡ ದುಡಿಯುತ್ತದೆ ಎಂದು ಚಿತ್ರದಲ್ಲೇ ಬಿಡಿಸಿಟ್ಟಿದ್ದಾರೆ. ಮನೆಯವರೆಲ್ಲ ಕೂತು ನೋಡಬಹುದಾದ ಪುಸ್ತಕ. ಆದರೆ ಎಷ್ಟು ಭಾರ, ಎಷ್ಟು ದಿನ, ಯಾವಾಗ ಏರಿಸಬೇಕು ಎಂಬ ಕ್ರಮಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಇನ್ನೊಂದು ಪುಸ್ತಕ ಕೊಳ್ಳುವ ಮನಸ್ಸಾದರೆ ಮುಖಪುಟದ ಮೈಕಟ್ಟು ನೋಡಬೇಡಿ. ಒಳಗೆ ಮೂರು ಸಂಗತಿ ಹುಡುಕಿ. ಎಷ್ಟರಿಂದ ಶುರು ಮಾಡಬೇಕು? ಯಾವಾಗ, ಎಷ್ಟು ಏರಿಸಬೇಕು? ಏರಿಸಲು ಆಗದೆ ನಿಂತಾಗ ಏನು ಮಾಡಬೇಕು? ಮೂರನೆಯದಕ್ಕೆ ಉತ್ತರ ಇಲ್ಲದ ಪುಸ್ತಕ ಎರಡು ತಿಂಗಳಿಗೆ ಮುಗಿದುಹೋಗುತ್ತದೆ. ಯಾಕೆಂದರೆ ನಿಲ್ಲುವುದು ಎಲ್ಲರಿಗೂ ಬಂದೇ ಬರುತ್ತದೆ. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ತಾರೀಖು, ವ್ಯಾಯಾಮ, ಎಷ್ಟು ಕೆಜಿ, ಎಷ್ಟು ಸಲ. ಹಾಜರಿ ಪುಸ್ತಕ ಬರೆದು ರೂಢಿ ಇರುವ ನಿಮಗೆ ಇದು ಕಷ್ಟವಲ್ಲ.

ಈಗ ಸಾಮಾನು. ನಿಮ್ಮ ಮುಂದೆ ಮೂರು ದಾರಿ ಇವೆ.

ಮಶೀನು ಒಂದು ದಾರಿ. ಭಾರ ಮೈಮೇಲೆ ಬೀಳುವ ಭಯ ಕಡಿಮೆ, ಒಬ್ಬರೇ ಮಾಡಬಹುದು. ಭುಜ ನೋವಿರುವವರಿಗೆ, ತುಂಬಾ ವಯಸ್ಸಾದವರಿಗೆ ನಾನೇ ಕೆಲವೊಮ್ಮೆ ಹೇಳುತ್ತೇನೆ. ಆದರೆ ಅಗ್ಗದ ಹೋಂ ಜಿಮ್‌ನಲ್ಲಿ ಕಾಲಿಗೆ ಸಿಗುವುದು ಹೆಚ್ಚೆಂದರೆ ಕೂತು ಕಾಲು ಚಾಚುವ ಒಂದು ಚಲನೆ. ಎದ್ದು ಕೂರುವ ಬಲ, ನೆಲದಿಂದ ಎತ್ತುವ ಬಲ ಅದರಲ್ಲಿ ಬರುವುದಿಲ್ಲ. ಸಕ್ಕರೆ ಹತೋಟಿಗೆ ನಿಮಗೆ ಬೇಕಿರುವುದೇ ತೊಡೆ, ಸೊಂಟದ ದೊಡ್ಡ ಮಾಂಸಖಂಡಗಳ ಕೆಲಸ. ಊಟದ ನಂತರದ ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುವುದು ಮಾಂಸಖಂಡಗಳೇ. ಜೊತೆಗೆ ಹಲವು ಮಶೀನುಗಳಲ್ಲಿ ಒಂದು ಮೆಟ್ಟಿಲು ಎಂದರೆ 5 ಕೆಜಿ. ಕೇಬಲ್ ಸವೆದರೆ ಬಿಡಿಭಾಗಕ್ಕೆ ಅಲೆಯಬೇಕು. ನಿಮಗೆ ಇದು ಬೇಡ.

ಎರಡನೇ ದಾರಿ ಏನೂ ಕೊಳ್ಳದೆ ಶುರು ಮಾಡುವುದು. ಗರಡಿಯ ದಂಡ, ಬಸ್ಕಿ ನಿಮ್ಮ ಕಡೆಯವರಿಗೆ ಹೊಸದಲ್ಲ ಅಲ್ವಾ? ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಇವತ್ತಿಗೂ ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಮೈಭಾರದ ವ್ಯಾಯಾಮಕ್ಕೆ ನನ್ನ ಪೂರ್ತಿ ಗೌರವ ಇದೆ. ತೊಂದರೆ ಎರಡು. ನೂರು ಬಸ್ಕಿ ಹೊಡೆಯುವುದು ದಮ್ಮಿನ ಕೆಲಸವಾಗುತ್ತದೆ, ಬಲದ ಕೆಲಸ ಕಡಿಮೆಯಾಗುತ್ತದೆ. ಇನ್ನೊಂದು, ಎಳೆಯುವ ವ್ಯಾಯಾಮ ಸಿಗುವುದಿಲ್ಲ. ಬಾಗಿಲ ಚೌಕಟ್ಟಿಗೆ ತಿರುಗಿಸಿ ಬಿಗಿಮಾಡುವ ಪುಲ್ ಅಪ್ ರಾಡನ್ನು ಮಾತ್ರ ನಂಬಬೇಡಿ. ಅದು ಜಾರಿದಾಗ ಬೆನ್ನು ಅಡಿಯಾಗಿ ಬೀಳುತ್ತೀರಿ.

ಮೂರನೆಯದು ರಾಡು, ಪ್ಲೇಟು, ಡಂಬೆಲ್ ರಾಡು. ನಾನು ನಿಮಗೆ ಹೇಳುವುದು ಇದನ್ನೇ. ಐದಡಿಯ ಗಟ್ಟಿ ರಾಡು ಒಂದು, ಡಂಬೆಲ್ ರಾಡು ಒಂದು ಜೊತೆ, ಎರಡಕ್ಕೂ ಹೊಂದುವ ಕಬ್ಬಿಣದ ಪ್ಲೇಟು ಒಟ್ಟು 50 ಕೆಜಿ. ಕಬ್ಬಿಣವನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಸಿಮೆಂಟು ತುಂಬಿದ ಪ್ಲಾಸ್ಟಿಕ್ ಪ್ಲೇಟು ಅಗ್ಗ. ಆದರೆ ದಪ್ಪ ಇರುವುದರಿಂದ ರಾಡಿನ ಜಾಗ ಬೇಗ ತುಂಬುತ್ತದೆ, ಒಡೆದರೆ ಪುಡಿ ಉದುರುತ್ತದೆ. ಪ್ಲೇಟಿನ ತೂತು ನಮ್ಮಲ್ಲಿ ಎರಡು ಬಗೆ. ಒಂದು ಇಂಚಿನ ಆಸುಪಾಸಿನ ಸಣ್ಣದು, 50 ಮಿ.ಮೀ. ದೊಡ್ಡದು. ಒಂದು ಬಗೆಯನ್ನೇ ತಗೊಳ್ಳಿ. ದೊಡ್ಡ ತೂತಿನ ಪ್ಲೇಟು ಸಣ್ಣ ರಾಡಿನಲ್ಲಿ ಗಡಗಡ ಆಡಿ ಕೈ ತಿರುಚುತ್ತದೆ. ಕೊನೆಗೆ ಹಾಕುವ ಲಾಕು ಸ್ಪ್ರಿಂಗಿನದಾಗಲಿ, ತಿರುಪಿನದಾಗಲಿ, ಬಿಗಿಯಾಗಿ ಕೂರಬೇಕು. ಒಂದು ಕಡೆಯ ಪ್ಲೇಟು ಜಾರಿದರೆ ಇನ್ನೊಂದು ಕಡೆ ಪಟ್ಟನೆ ಕೆಳಗೆ ಬಡಿಯುತ್ತದೆ.

ಸ್ಕ್ವಾಟ್ ಅಂದರೆ ಭಾರ ಹೊತ್ತು ಕೂತು ಏಳುವುದು. ಅದಕ್ಕೆ ರಾಡು ಇಡುವ ಸ್ಟ್ಯಾಂಡು, ಬೆಂಚು ಈಗಲೇ ಬೇಡ. ಡಂಬೆಲನ್ನು ಎದೆಗೆ ಅವುಚಿ ಹಿಡಿದು ಕೂತು ಏಳಿ. ಆಗದಿದ್ದಾಗ ಮುಂದೆ ಇಳಿಸಿಬಿಡಬಹುದು. ನೆಲದ ಮೇಲೆ ಮಲಗಿ ಡಂಬೆಲ್ ತಳ್ಳಿ. ಮೊಣಕೈ ನೆಲಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಎದೆಯ ಮೇಲೆ ಭಾರ ಕೂರುವುದಿಲ್ಲ. ಒಬ್ಬರೇ ಇರುವಾಗ ಬೆಂಚಿನ ಮೇಲೆ ರಾಡು ತಳ್ಳಬೇಡಿ. ಕುತ್ತಿಗೆಗೆ ರಾಡು ಬಿದ್ದು ಜೀವ ಹೋದ ಪ್ರಸಂಗಗಳು ಲೋಕದಲ್ಲಿ ಆಗಿವೆ. ಇದರ ಜೊತೆಗೆ ರಾಡಿನಿಂದ ಡೆಡ್‌ಲಿಫ್ಟ್, ಬಗ್ಗಿ ಎಳೆಯುವ ರೋ, ತಲೆಯ ಮೇಲೆ ಎತ್ತುವುದು. ಐದು ಚಲನೆ, ಒಂದೊಂದಕ್ಕೂ ಎರಡು ಮೂರು ಸುತ್ತು, ಸುತ್ತಿಗೆ ಎಂಟರಿಂದ ಹನ್ನೆರಡು ಸಲ. ಇನ್ನೂ ಎರಡು ಸಲ ಎತ್ತಬಹುದಿತ್ತು ಅನ್ನಿಸುವಾಗ ನಿಲ್ಲಿಸಿ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಸ್ಕ್ವಾಟ್‌ನಲ್ಲಿ ಕೂರುವಾಗ ಮಂಡಿ ಪಾದದ ಬೆರಳು ದಾಟಬಾರದು ಅಂತ ಅಂಗಡಿಯಲ್ಲೂ ಜಿಮ್‌ನಲ್ಲೂ ಹೇಳುತ್ತಾರೆ. ಬಲವಂತವಾಗಿ ಹಾಗೆ ತಡೆದರೆ ಏನಾಗುತ್ತದೆ ಎಂದು 2003ರಲ್ಲಿ ಅಳೆದು ನೋಡಿದ್ದಾರೆ. ಮಂಡಿಯ ಒತ್ತಡ ಸ್ವಲ್ಪ ಇಳಿಯಿತು, ಸೊಂಟದ ಕೀಲಿನ ಒತ್ತಡ ಹತ್ತು ಪಟ್ಟಿನಷ್ಟು ಏರಿತು. ಕುಕ್ಕರಗಾಲಲ್ಲಿ ಕೂತು ಬೆಳೆದವರು ನಾವು. ಹಿಮ್ಮಡಿ ನೆಲಕ್ಕೆ ಊರಿದ್ದರೆ ಮಂಡಿ ಸ್ವಲ್ಪ ಮುಂದೆ ಹೋಗಲಿ ಬಿಡಿ.

ಬೆಲ್ಟು ಬೇಡ. ಬೆಲ್ಟು ಬೆನ್ನನ್ನು ಎತ್ತಿ ಹಿಡಿಯುವುದಿಲ್ಲ. ಹೊಟ್ಟೆಯ ಮಾಂಸಖಂಡ ಒತ್ತಿ ನಿಲ್ಲಲು ಒಂದು ಆಸರೆ ಕೊಡುತ್ತದೆ, ಒಳಗಿನ ಒತ್ತಡ ಏರುತ್ತದೆ, ಬೆನ್ನೆಲುಬು ಬಿಗಿಯಾಗುತ್ತದೆ. ಅದು ನಿಜವಾಗಿ ಭಾರ ಎತ್ತುವವರಿಗೆ ಉಪಯೋಗ. ನಿಮಗೆ ಬಿಪಿ ಇರುವುದರಿಂದ ಆ ಒತ್ತಡ ಈಗ ಬೇಕಾಗಿಲ್ಲ. ಗ್ಲೌಸು ರಾಡನ್ನು ದಪ್ಪ ಮಾಡಿ ಹಿಡಿತ ಸಡಿಲಿಸುತ್ತದೆ. ಅಂಗೈ ಸ್ವಲ್ಪ ಗಟ್ಟಿಯಾದರೆ ಏನೂ ನಷ್ಟವಿಲ್ಲ. ನೀ ಕ್ಯಾಪು ಮಂಡಿಯನ್ನು ಬೆಚ್ಚಗಿಡುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಶೂ ಮಾತ್ರ ಯೋಚಿಸಬೇಕಾದದ್ದು. ಓಡುವ ಶೂನ ಮೆತ್ತನೆ ಅಡಿ ಭಾರ ಹೊತ್ತಾಗ ಅತ್ತಿತ್ತ ವಾಲುತ್ತದೆ. ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಸಾಕು. ಮಗನ ಶಾಲೆಯ ಪಿ.ಟಿ. ಶೂ ಥರದ್ದೇ.

ಮಹಡಿಯ ವಿಚಾರ. ನಮ್ಮಲ್ಲಿ ಮನೆಯ ಆರ್‌ಸಿಸಿ ಚಾವಣಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರ ಎಂದು ಹಿಡಿದು ವಿನ್ಯಾಸ ಮಾಡುವುದು ಭಾರತೀಯ ಮಾನಕದ ಕ್ರಮ. ರೀತಿಪ್ರಕಾರ ಕಟ್ಟಿದ ಮನೆಗೆ 60 ಕೆಜಿ ಕಬ್ಬಿಣವೂ ನೀವೂ ಒಂದು ಲೆಕ್ಕವಲ್ಲ. ಹಳೆಯ ಮಾಳಿಗೆ ಮನೆ, ಬಿರುಕು ಬಿಟ್ಟ ಚಾವಣಿ ಆದರೆ ಮಾತ್ರ ಇಂಜಿನಿಯರನ್ನು ಕೇಳಿ, ಇಲ್ಲವೇ ಕೆಳಗಿನ ರೂಮಿಗೆ ಬನ್ನಿ. ಅಪಾಯ ಇರುವುದು ಬೀಳಿಸುವುದರಲ್ಲಿ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರಲ್ಲ, ಅಲ್ಲಿ ರಾಡನ್ನು ಮೇಲಿಂದ ಬಿಡುತ್ತಾರೆ. ಆ ರಬ್ಬರ್ ಪ್ಲೇಟು, ಆ ಮರದ ವೇದಿಕೆ ಅದಕ್ಕೆಂದೇ ಮಾಡಿದ್ದು. ನಿಮ್ಮ ಕಬ್ಬಿಣದ ಪ್ಲೇಟನ್ನು ಇಳಿಸಿಯೇ ಇಡಬೇಕು. ಕೆಳಗೆ ಹಾಸಲು ಜಿಮ್ ಮ್ಯಾಟ್ ಹುಡುಕಬೇಡಿ. ಹೈನುಗಾರಿಕೆಯ ಸಾಮಾನು ಮಾರುವಲ್ಲಿ ಕೌ ಮ್ಯಾಟ್ ಸಿಗುತ್ತದೆ. ದಪ್ಪ ರಬ್ಬರು, ಹಸುವಿನ ತೂಕ ತಾಳಲೆಂದೇ ಮಾಡಿದ್ದು. ಎರಡು ದಿನ ಬಿಸಿಲಿಗೆ ಹಾಕಿ ವಾಸನೆ ಹೋಗಲು ಬಿಡಿ.

ನಿಮ್ಮ ಮನೆಯವರ ಹೆದರಿಕೆಗೆ ಬರುತ್ತೇನೆ. ಪ್ರಾಯಕ್ಕೆ ಬಂದ ಗಂಡಸರಲ್ಲಿ ಮಾಂಸಖಂಡ ಬೆಳೆಸುವ ಹಾರ್ಮೋನು ಟೆಸ್ಟೋಸ್ಟಿರಾನ್ ಹೆಂಗಸರಿಗಿಂತ ಸುಮಾರು ಹದಿನೈದು ಪಟ್ಟು ಜಾಸ್ತಿ. ವಾರಕ್ಕೆ ಎರಡು ದಿನ ಡಂಬೆಲ್ ಎತ್ತಿದರೆ ಗಂಡಸರ ಮೈ ಬರುವುದಿಲ್ಲ. ಬರುವುದು ಬೇರೆ. ಸಿಲಿಂಡರ್ ಸರಿಸುವುದು, ನೆಲದಿಂದ ಕೈ ಊರದೆ ಏಳುವುದು ಹಗುರಾಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಎಲುಬು ಸವೆಯುವುದನ್ನು ನಿಧಾನ ಮಾಡಲು ಭಾರದ ವ್ಯಾಯಾಮಕ್ಕೆ ದೊಡ್ಡ ಪಾತ್ರ ಇದೆ. ನಿಮಗಿಂತ ಅವರಿಗೇ ಇದು ಹೆಚ್ಚು ಬೇಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ತಡವಾಯಿತೇನೋ ಎಂಬ ಅನುಮಾನವೂ ಬೇಡ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮದ 90ರ ಆಸುಪಾಸಿನವರು ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಆಯಿತು.

ನಿಮ್ಮ ತಾಯಿಯವರ ಮಾತು ಪ್ರೀತಿಯದು, ಬಯ್ದರೆಂದು ಬೇಸರ ಬೇಡ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೆತ್ತನೆಯ ಭಾಗ ಇರುತ್ತದೆ, ಎತ್ತರ ಬೆಳೆಯುವುದು ಅಲ್ಲಿಂದಲೇ. ಅದಕ್ಕೆ ಜೋರು ಪೆಟ್ಟು ಬಿದ್ದರೆ ಬೆಳವಣಿಗೆ ಕೆಡಬಹುದು, ಆ ಭಯ ಹುಟ್ಟಿದ್ದು ಅಲ್ಲಿ. ಆದರೆ ಗೊತ್ತಿರುವವರ ಕಣ್ಣೆದುರು, ಸರಿಯಾದ ಭಂಗಿಯಲ್ಲಿ ಮಾಡಿದರೆ ಎತ್ತರಕ್ಕೆ ತೊಂದರೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲೂ ಹೇಳಿದೆ. ನಿಮ್ಮ ಮಗನಿಗೆ ಒಂದೇ ಕಟ್ಟುಪಾಡು: ಎಷ್ಟು ಎತ್ತಬಲ್ಲೆ ನೋಡೋಣ ಎಂಬ ಪಂಥ ಬೇಡ. ಹನ್ನೆರಡು ಸಲ ಚೆನ್ನಾಗಿ ಎತ್ತುವಷ್ಟೇ ಭಾರ ಕೊಡಿ. ನೀವು ರೂಮಿನಲ್ಲಿ ಇಲ್ಲದಾಗ ಮುಟ್ಟಬಾರದು.

ನಿಮ್ಮ ವಿಷಯದಲ್ಲಿ ನನಗೆ ನಿಜವಾದ ಕಾಳಜಿ ಇರುವುದು ಉಸಿರಿನ ಬಗ್ಗೆ. ಉಸಿರು ಕಟ್ಟಿ ಪೂರ್ತಿ ಬಲ ಹಾಕಿದಾಗ ಬಿಪಿ ಕೆಲವೇ ಸೆಕೆಂಡಿನಲ್ಲಿ ಹುಚ್ಚಾಪಟ್ಟೆ ಏರುತ್ತದೆ. ಬಲಿಷ್ಠ ದೇಹದಾರ್ಢ್ಯ ಪಟುಗಳಲ್ಲಿ, ಎರಡೂ ಕಾಲಿನಿಂದ ಭಾರಿ ತೂಕ ತಳ್ಳುವಾಗ, ಸರಾಸರಿ 320/250 ಬಂದದ್ದನ್ನು 1985ರಲ್ಲಿ ಅಳೆದಿದ್ದಾರೆ. ಎತ್ತುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ತಗೊಳ್ಳಿ. ಬಿಡಲು ಆಗುತ್ತಿಲ್ಲ ಎಂದರೆ ಭಾರ ಜಾಸ್ತಿ ಆಯಿತು ಎಂದೇ ಅರ್ಥ. ಮಾತ್ರೆ ತಪ್ಪಿಸಬೇಡಿ. ಕೂತಾಗಿನ ಬಿಪಿ 180/110 ದಾಟಿದ ದಿನ ಕಬ್ಬಿಣ ಮುಟ್ಟಬಾರದು, ಡಾಕ್ಟರ ಹತ್ತಿರ ಹೋಗಬೇಕು. ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಸಿಡಿದಂತೆ ತಲೆನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಅಂಗಡಿಗೆ ಹೋಗುವಾಗ ಅಳತೆ ಟೇಪು, ಕೊಕ್ಕೆಯ ತೂಕದ ಯಂತ್ರ ಒಯ್ಯಿರಿ. ರಾಡನ್ನು ನೆಲದ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಕುಣಿಯುತ್ತದೆ. 5 ಕೆಜಿ ಅಂತ ಬರೆದ ಎರಡು ಪ್ಲೇಟು ತೂಗಿ. ಒಂದು 4.7, ಇನ್ನೊಂದು 5.2 ಬಂದರೆ ಬೇರೆ ಜೋಡಿ ಕೇಳಿ. ಮುಚ್ಚಿದ ಜಿಮ್‌ನ ಹಳೆ ಪ್ಲೇಟು ಸಿಕ್ಕಿದರೆ ಹಿಂಜರಿಯಬೇಡಿ, ತುಕ್ಕು ಉಜ್ಜಿ ಹೊಲಿಗೆ ಮಶೀನಿನ ಎಣ್ಣೆ ಸವರಿದರೆ ಆಯಿತು. ನೀವು ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಉಳಿಯಬಹುದು, ಅದನ್ನು ಹಾಗೇ ಇಡಿ. ಅತಿ ಭಾರದ ಡಂಬೆಲ್ ಅವುಚಿ ಹದಿನೈದರ ಮೂರು ಸುತ್ತು ಸ್ಕ್ವಾಟ್ ಸಲೀಸಾಗಿ ಆಗುವ ದಿನ ಬಂದರೆ, ಆಗ ಸ್ಟ್ಯಾಂಡು ಬೇಕು. ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಎರಡು ಕಂಬಕ್ಕೂ ಅಡಿಯಲ್ಲಿ ಅಡ್ಡಪಟ್ಟಿ ಬೆಸೆದಿರಬೇಕು. ರಾಡು ಕೈತಪ್ಪಿದರೆ ಹಿಡಿಯಲು ಸೊಂಟದ ಕೆಳಗೆ ಎರಡು ತೋಳು ಇರಬೇಕು. ಕಂಬಗಳ ನಡುವಿನ ಅಂತರ ನಿಮ್ಮ ಐದಡಿ ರಾಡಿಗೆ ಹೊಂದಬೇಕು. ಕಬ್ಬಿಣ ಕತ್ತರಿಸುವ ಮೊದಲು ನೋಟ್‌ಬುಕ್ಕಿನ ಎರಡು ಪುಟದ ಫೋಟೋ, ರೂಮಿನ ಅಳತೆ ನನಗೆ ಕಳಿಸಿ. ನೋಡಿ ಹೇಳುತ್ತೇನೆ.